ಹಾಸಿಗೆ ಹಾಕುವ ಮೊದಲು ಲೆಕ್ಕ ಹಾಕಿ

ಮಾನ್ಯರೇ,

ಹೋದ ತಿಂಗಳು ಒಂದು ಸಂಜೆ ನನ್ನ ಹೆಂಡತಿಗೆ ಎದೆನೋವು ಬಂತು. ಪೆರ್ಲದಿಂದ ಜೀಪು ಮಾಡಿಕೊಂಡು ನಮ್ಮ ಕಾಸರಗೋಡು ಜಿಲ್ಲೆಯ ಒಂದು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಓಡಿದೆವು. ಇ.ಸಿ.ಜಿ. ಬೇಗ ಮಾಡಿದರು, ಅದನ್ನು ಹೇಳಲೇಬೇಕು. ಹೃದಯಕ್ಕೇನೂ ಆಗಿರಲಿಲ್ಲ. ಆದರೂ ಇನ್ನೊಮ್ಮೆ ರಕ್ತ ನೋಡಬೇಕು, ಕೂತಿರಿ ಅಂದರು. ಹಾಸಿಗೆ ಇಲ್ಲ. ಅವಳು ಪ್ಲಾಸ್ಟಿಕ್ ಕುರ್ಚಿಯಲ್ಲಿ, ನಾನು ಗೋಡೆಗೊರಗಿ.

ನಾನು ಬ್ಯಾಂಕಿನ ಕೌಂಟರಿನಲ್ಲೇ ಕೂದಲು ಹಣ್ಣಾದವನು. ಕ್ಯೂ ಕಂಡರೆ ಎಣಿಸುವ ಚಟ. ಚೀಟಿಯ ಹಿಂದೆ ಗೀಟು ಹಾಕುತ್ತಾ ನಿಂತೆ. 7ರಿಂದ 10 ಗಂಟೆಯೊಳಗೆ 18 ಜನ ಬಂದರು, ಅಂದರೆ ಗಂಟೆಗೆ 6. ಒಬ್ಬೊಬ್ಬರು ಸುಮಾರು 3 ಗಂಟೆ ಒಳಗಿದ್ದರೆ ಯಾವಾಗ ನೋಡಿದರೂ ಸರಾಸರಿ 18 ಜನ ಇರುತ್ತಾರೆ. ಇದು ನನ್ನ ಶೋಧವಲ್ಲ, ಜಾನ್ ಲಿಟಲ್ ಎಂಬವರು 1961ರಲ್ಲೇ ಸಾಧಿಸಿ ತೋರಿಸಿದ ಲೆಕ್ಕ. ಹಾಸಿಗೆ ಇದ್ದದ್ದು 10. ಅದರಲ್ಲೂ 4 ಮಂದಿ ಆಗಲೇ ಅಡ್ಮಿಟ್ ಆದವರು! ಯಾಕೆ ಇಲ್ಲೇ ಇದ್ದಾರೆ ಅಂತ ನರ್ಸನ್ನು ಕೇಳಿದೆ. "ಮೇಲೆ ಬೆಡ್ ಖಾಲಿಯಾಗಬೇಕಲ್ವಾ ಅಂಕಲ್?" ಮೇಲೆ ಹೋಗಿ ನೋಡಿದರೆ, ಬೆಳಿಗ್ಗೆಯೇ ಡಿಸ್ಚಾರ್ಜ್ ಆದವರು ಚೀಲ ಕಟ್ಟಿಕೊಂಡು ಇನ್ಶೂರೆನ್ಸ್ ಕಾಗದಕ್ಕೆ ಕಾಯುತ್ತಿದ್ದರು.

ಆ 3 ಗಂಟೆ 2 ಆದರೆ ಒಳಗಿರುವವರು 12 ಜನ. ಒಂದು ಮಂಚವನ್ನೂ ಕೊಳ್ಳದೆ 6 ಜನರ ಜಾಗ ಸಿಕ್ಕಿತು.

ಹಾಸಿಗೆ, ಸಿಬ್ಬಂದಿ ಜಾಸ್ತಿ ಬೇಡವೆಂದಲ್ಲ. 2020ರ ಲಾಕ್‌ಡೌನಿನಲ್ಲಿ ಮಂಗಳೂರಿನ ಆಸ್ಪತ್ರೆಗಳಿಗೆ ಹೋಗುವ ದಾರಿಯ ತಲಪಾಡಿ ಗಡಿ ಮುಚ್ಚಿದಾಗ ನಮ್ಮ ಕಷ್ಟ ಏನಾಯಿತೆಂದು ಎಲ್ಲರೂ ನೋಡಿದ್ದೇವೆ. ಆದರೆ ಕಲ್ಲು ಕಟ್ಟುವ ಮೊದಲು ಕಂಪ್ಯೂಟರಿನಲ್ಲಿ ಆಡಿಸಿ ನೋಡಬಹುದು. ಯಾರು ಎಷ್ಟು ಗಂಟೆಗೆ ಬಂದರು, ಡಾಕ್ಟರು ಯಾವಾಗ ನೋಡಿದರು, ಯಾವಾಗ ಹೊರಟರು ಎಂಬುದು ರಿಜಿಸ್ಟರಿನಲ್ಲಿ ಇರಬೇಕಲ್ಲ. ಅದನ್ನು ಹಾಕಿ ಸಾವಿರ ಸುಳ್ಳು ಸಂಜೆಗಳನ್ನು ಓಡಿಸಿ. ಸಂಜೆಗೆ ಒಬ್ಬ ನರ್ಸ್ ಜಾಸ್ತಿ ಇದ್ದರೆ? ವಾರ್ಡಿನ ರೌಂಡ್ಸ್ 11ರ ಬದಲು 8ಕ್ಕೆ ಆದರೆ? 4 ಮಂಚ ಸೇರಿಸಿದರೆ? ಯಾವುದಕ್ಕೆ ಎಷ್ಟು ಖರ್ಚು, ಎಷ್ಟು ಕಾಯುವಿಕೆ ತಪ್ಪುತ್ತದೆ ಅಂತ ಪಕ್ಕಪಕ್ಕ ಇಟ್ಟು ತೂಗಿ. ಸಿಮ್ಯುಲೇಶನ್ ಅಂದರೆ ಇಷ್ಟೇ. ತಪ್ಪಿದರೂ ಯಾವ ರೋಗಿಗೂ ನೋವಾಗದು.

ಹಾಸಿಗೆ ಸದಾ ತುಂಬಿದ್ದರೆ ಚೆನ್ನಾಗಿ ನಡೆಯುತ್ತಿದೆ ಅಂದುಕೊಳ್ಳುವುದೂ ಬೇಡ. ಬಿಡುವು ಕಮ್ಮಿಯಾದಷ್ಟೂ ಸಾಲು ಬೆಳೆಯುತ್ತದೆ. 10 ನಿಮಿಷದಲ್ಲಿ 8 ನಿಮಿಷ ಕೆಲಸವಿದ್ದಾಗ ನನ್ನ ಕೌಂಟರಿನ ಮುಂದೆ ನಾಲ್ಕು ಜನ. 9 ನಿಮಿಷವಾದರೆ ಸಾಲು ಬಾಗಿಲಾಚೆ ಹೋಗುತ್ತಿತ್ತು.

ಇನ್ನೊಂದು. ಅವತ್ತು ಎಣ್ಮಕಜೆ ಕಡೆಯ ಒಬ್ಬ ಅಜ್ಜಿ ಮೊಮ್ಮಗನನ್ನು ಸೊಂಟದಲ್ಲಿಟ್ಟುಕೊಂಡು 20 ನಿಮಿಷ ಔಷಧಿ ಕೌಂಟರಿನ ಸಾಲಿನಲ್ಲಿ ನಿಂತಿದ್ದರು. ಅವರಿಗೆ ಬೇಕಿದ್ದ ಚೀಟಿ ಕೊಡುವುದು ಪಕ್ಕದ ಕಿಟಕಿಯಲ್ಲಿ. ಬೋರ್ಡು ಮಲಯಾಳದಲ್ಲೂ ಇಂಗ್ಲಿಷಿನಲ್ಲೂ ಇತ್ತು, ಕನ್ನಡದಲ್ಲಿ ಇರಲಿಲ್ಲ. ಲೆಕ್ಕಕ್ಕೆ ಕೂರುವವರು ಆ 20 ನಿಮಿಷವನ್ನೂ ಬರೆದುಕೊಳ್ಳಲಿ.

ಇಂತಿ,
ನಿವೃತ್ತ ಬ್ಯಾಂಕ್ ಕ್ಯಾಷಿಯರ್, ಪೆರ್ಲ