ಫೋರ್ಟ್ ಬೆಂಡ್‌ನ ಜನ, ಫೋರ್ಟ್ ಬೆಂಡ್‌ನ ನೆಲ

ಮಾನ್ಯ ಸಂಪಾದಕರೇ,

ಅಮೆರಿಕದ ಉಪನಗರವೆಂದರೆ ಬಿಳಿಯರ ಬಡಾವಣೆ ಎಂಬ ಹಳೆಯ ಕಲ್ಪನೆ ನಮ್ಮಲ್ಲಿನ್ನೂ ಉಳಿದಿದೆ. ಆದರೆ ಟೆಕ್ಸಸ್‌ನ ಹ್ಯೂಸ್ಟನ್‌ಗೆ ಹೊಂದಿಕೊಂಡಿರುವ ಫೋರ್ಟ್ ಬೆಂಡ್ ಕೌಂಟಿಯನ್ನು (ನಮ್ಮ ಜಿಲ್ಲೆಯಂಥದ್ದು) ನೋಡಿದರೆ ಆ ಕಲ್ಪನೆ ನಿಲ್ಲದು. ಅದರ ಜನಸಂಖ್ಯೆ 2010ರಲ್ಲಿ 5,85,375 ಇದ್ದದ್ದು 2020ರ ಗಣತಿಯಲ್ಲಿ 8,22,779ಕ್ಕೆ ಏರಿತು. ಬಿಳಿಯರು, ಹಿಸ್ಪಾನಿಕರು (ಸ್ಪ್ಯಾನಿಷ್ ಭಾಷಿಕ ನಾಡುಗಳ ಮೂಲದವರು), ಕಪ್ಪು ಜನರು, ಏಷ್ಯನ್ನರು, ಈ ನಾಲ್ವರಲ್ಲಿ ಯಾರೂ ಅಲ್ಲಿ ಬಹುಸಂಖ್ಯಾತರಲ್ಲ. ಮಗಳ ಮನೆಗೆ ಹೋಗಿದ್ದಾಗ ಅಲ್ಲಿನ ಶುಗರ್ ಲ್ಯಾಂಡ್ ಪಟ್ಟಣದ ಅಂಗಡಿಯೊಂದರಲ್ಲಿ ಕರಿಬೇವಿನ ಕಟ್ಟಿನ ಪಕ್ಕದಲ್ಲೇ ಹಲಪೆನ್ಯೊ ಮೆಣಸಿನಕಾಯಿಯ ರಾಶಿ ಕಂಡು ಖುಷಿಪಟ್ಟಿದ್ದೆ.

ಆದರೆ ಇದೇ ಪಟ್ಟಣದಲ್ಲಿ 2018ರಲ್ಲಿ, ಶಾಲಾ ಕಟ್ಟಡಕ್ಕಾಗಿ ನೆಲ ಅಗೆಯುವಾಗ, ಜೈಲಿನ ಕೈದಿಗಳನ್ನು ದುಡಿಮೆಗಾಗಿ ಖಾಸಗಿ ಮಾಲೀಕರಿಗೆ ಗುತ್ತಿಗೆಗೆ ಕೊಡುತ್ತಿದ್ದ ಹಿಂದಿನ ಪದ್ಧತಿಯಡಿ ಕಬ್ಬಿನ ಗದ್ದೆಗಳಲ್ಲಿ ದುಡಿದು ಸತ್ತ 95 ಕಪ್ಪು ಜನರ ಅಸ್ಥಿಗಳು ಸಿಕ್ಕಿದವು. ನಾನು ಮಾತನಾಡಿಸಿದ ನಮ್ಮವರಿಗೆ ಮನೆಗಳ ಬೆಲೆ ಬಾಯಿಪಾಠವಾಗಿತ್ತು, ಈ ಸಂಗತಿ ಮಾತ್ರ ತಿಳಿದಿರಲಿಲ್ಲ. ಅನಿವಾಸಿ ಕನ್ನಡಿಗರ ಏಳಿಗೆಯನ್ನು ವರದಿ ಮಾಡುವಾಗ ತಮ್ಮ ಪತ್ರಿಕೆ ಇದನ್ನೂ ಬರೆಯಬೇಕೆಂದು ಕೋರುತ್ತೇನೆ.

– ಓದುಗ, ಮೈಸೂರು