ಕೌಂಟರ್ ಹಿಂದೆ ನಿಲ್ಲುವ ಮುಂಚೆ

ಪುಟ್ಟಿ,

ನೀನು ಕಾಸ್ಮೆಟಿಕ್ಸ್ ಕೌಂಟರ್ ಕೆಲಸಕ್ಕೆ ಸೇರುತ್ತಿದ್ದೀಯ ಅಂತ ಅಕ್ಕ ಹೇಳಿದಾಗ ಖುಷಿಯಾಯಿತು, ಸ್ವಲ್ಪ ನಗುವೂ ಬಂತು. ಒಂಬತ್ತು ವರ್ಷ ನಾನು ನಿಂತ ಜಾಗ ಅದು. ನಿಂತದ್ದು ಅಂದರೆ ನಿಜಕ್ಕೂ ನಿಂತದ್ದೇ. ಅಲ್ಲೊಂದು ಎತ್ತರದ ಸ್ಟೂಲ್ ಇರುತ್ತದೆ, ಆದರೆ ಅದು ಗಿರಾಕಿಗೆ.

ಟ್ರೈನಿಂಗ್‌ನಲ್ಲಿ ಹೇಳಿಕೊಡುವುದನ್ನೆಲ್ಲ ನಾನು ಮತ್ತೆ ಹೇಳುವುದಿಲ್ಲ. ನಾನೇ ಪೆಟ್ಟು ತಿಂದು ಕಲಿತದ್ದನ್ನು ಹೇಳುತ್ತೇನೆ. ಸೇರಿದ ಹೊಸದರಲ್ಲಿ ಒಬ್ಬಳು ಹುಡುಗಿ ಕಾಜಲ್ ತಗೊಳ್ಳಲು ಬಂದಳು. ಆರಿಸಿ ಆಗಿತ್ತು, ದುಡ್ಡು ಕೊಡುವುದಷ್ಟೇ ಬಾಕಿ. ಅವತ್ತು ತಿಂಗಳ ಕೊನೆ, ನನ್ನ ಟಾರ್ಗೆಟ್ ಇನ್ನೂ ಮುಟ್ಟಿರಲಿಲ್ಲ. "ಕೆನ್ನೆ ಮೇಲೆ ಕಲೆ ಜಾಸ್ತಿ ಇದೆಯಲ್ಲ, ಅದಕ್ಕೊಂದು ಕನ್ಸೀಲರ್ ತೋರಿಸಲಾ?" ಅಂದುಬಿಟ್ಟೆ. ಅವಳು ಏನೂ ಹೇಳಲಿಲ್ಲ. ಕೈಲಿದ್ದ ಕಾಜಲನ್ನು ಮೆಲ್ಲಗೆ ಇಟ್ಟು ಹೊರಟುಹೋದಳು. ಕನ್ಸೀಲರ್ ಹಾಗಿರಲಿ, ಕಾಜಲೂ ಹೋಗಲಿಲ್ಲ.

ಅವರಾಗಿ ಕೇಳದೆ ಅವರ ಮುಖದ ಬಗ್ಗೆ ಬಾಯಿ ಬಿಡಬೇಡ. ಮೊದಲು ಕೊರತೆ ತೋರಿಸು, ಆಮೇಲೆ ಅದಕ್ಕೆ ಮದ್ದು ಮಾರು ಅಂತ ಕಲಿಸುವ ಸೀನಿಯರ್‌ಗಳು ಸಿಗುತ್ತಾರೆ. ಹಾಗೆ ಮಾಡಿದರೆ ಮಾರಾಟ ಆಗೋದೇ ಇಲ್ಲ ಅಂತಲ್ಲ, ಆಗುತ್ತದೆ. ಆದರೆ ಕಂಗೆಟ್ಟು ಕೊಂಡವರು ಎರಡನೇ ಸಲ ಆ ಕಡೆ ತಲೆ ಹಾಕುವುದಿಲ್ಲ, ಕೌಂಟರ್ ನಡೆಯುವುದೋ ಮತ್ತೆ ಮತ್ತೆ ಬರುವವರಿಂದ. ಅದರ ಬದಲು "ಈಗ ಏನು ಹಚ್ಚುತ್ತಿದ್ದೀರಿ, ಅದರಲ್ಲಿ ಏನು ಹಿಡಿಸಲಿಲ್ಲ?" ಅಂತ ಕೇಳು. ಮುಖ ಮುಟ್ಟುವ ಮುಂಚೆಯೂ ಕೇಳು.

ಮುಖದ ಬಣ್ಣ ಒಂದೇ ಸಮ ಕಾಣಲು ಹಚ್ಚುವ ಫೌಂಡೇಶನ್ ವಿಷಯಕ್ಕೆ ಬರೋಣ, ಹೆಚ್ಚು ವಾಪಸ್ ಬರುವುದು ಅದೇ. ಅಂಗೈ ಹಿಂದೆ ಹಚ್ಚಿ ಬಣ್ಣ ನೋಡುವುದು ಸುಮ್ನೆ ಅಭ್ಯಾಸ. ಕೈಯ ಬಣ್ಣ ಬೇರೆ, ಮುಖದ ಬಣ್ಣ ಬೇರೆ. ದವಡೆಯ ಅಂಚಿನಲ್ಲಿ ಮೂರು ಶೇಡ್‌ಗಳನ್ನು ಪಕ್ಕಪಕ್ಕ ಗೆರೆ ಎಳೆ, ಕತ್ತಿನ ಜೊತೆ ಬೆರೆತು ಕಾಣದೇ ಹೋಗುವುದೇ ಸರಿಯಾದದ್ದು. ಒಂದೇ ಗಾಢತೆಯ ಇಬ್ಬರಿಗೂ ಒಂದೇ ಶೇಡ್ ಒಪ್ಪುವುದಿಲ್ಲ, ಒಬ್ಬರ ಚರ್ಮದೊಳಗೆ ಹಳದಿ ಛಾಯೆ ಇದ್ದರೆ ಇನ್ನೊಬ್ಬರಲ್ಲಿ ಗುಲಾಬಿ ಇರುತ್ತದೆ. ತಕ್ಷಣ ಬಿಲ್ ಮಾಡಬೇಡ. ಕೆಲವು ಫೌಂಡೇಶನ್ ಹಚ್ಚಿದ ಹತ್ತು ಹದಿನೈದು ನಿಮಿಷಕ್ಕೆ ಒಂದು ಶೇಡ್ ಕಪ್ಪಾಗುತ್ತವೆ, ಅದೂ ಅಲ್ಲದೆ ಅಂಗಡಿಯ ಲೈಟು ಯಾರ ಮುಖವನ್ನೂ ಇದ್ದ ಹಾಗೆ ತೋರಿಸುವುದಿಲ್ಲ, ಹಾಗಾಗಿ ಒಂದು ಚಿಕ್ಕ ಕನ್ನಡಿ ಕೊಟ್ಟು "ಬಾಗಿಲ ಹತ್ತಿರ ಬೆಳಕಲ್ಲಿ ನೋಡ್ಕೊಂಡು ಬನ್ನಿ" ಅಂತ ಕಳಿಸು. ಬರದೇ ಹೋದರೆ ಅನ್ನೋ ಭಯ ನನಗೂ ಇತ್ತು. ಹೆಚ್ಚಿನವರು ಬಂದರು. ಯಾವುದೂ ಹೊಂದದಿದ್ದರೆ ಹತ್ತಿರದ್ದನ್ನು ತಳ್ಳಬೇಡ, ನಮ್ಮಲ್ಲಿ ನಿಮ್ಮ ಶೇಡ್ ಇಲ್ಲ ಅಂತ ಹೇಳಿಬಿಡು. 2017ರಲ್ಲಿ ಫೆಂಟಿ ಬ್ಯೂಟಿ ಅನ್ನೋ ಮೇಕಪ್ ಬ್ರ್ಯಾಂಡ್ ಒಂದೇ ಸಲಕ್ಕೆ ಫೌಂಡೇಶನ್ನಿನ 40 ಶೇಡ್ ತಂದಾಗ ಅಷ್ಟು ದೊಡ್ಡ ಸುದ್ದಿಯಾದದ್ದು ಯಾಕೆ ಗೊತ್ತಾ? ಅಲ್ಲಿಯವರೆಗೆ ಗಾಢ ಬಣ್ಣದ ಎಷ್ಟೋ ಜನ ಕೌಂಟರಿನಿಂದ ಬರಿಗೈಲಿ ಹೋಗುತ್ತಿದ್ದರು.

ಗಿರಾಕಿಗಳು ಹಚ್ಚಿ ನೋಡಲು ಇಡುವ ಟೆಸ್ಟರ್ ಬಗ್ಗೆ ನಾನು ಕಟ್ಟುನಿಟ್ಟು. ಮಸ್ಕಾರಾದ ಒಂದೇ ಬ್ರಶ್ಶನ್ನು ಇಬ್ಬರ ಕಣ್ಣಿಗೆ ಮುಟ್ಟಿಸಬೇಡ, ಕಣ್ಣುಬೇನೆ ಹರಡಲು ಅಷ್ಟು ಸಾಕು. ಒಮ್ಮೆ ಬಳಸಿ ಎಸೆಯುವ ಕಡ್ಡಿಯನ್ನೇ ಅದ್ದು, ಅದನ್ನೂ ಎರಡನೇ ಸಲ ಅದ್ದಬೇಡ. ಲಿಪ್‌ಸ್ಟಿಕ್ ಟೆಸ್ಟರಿನ ಮೇಲ್ಪದರ ಕೆರೆದು, 70% ಆಲ್ಕೋಹಾಲ್ ಸಿಂಪಡಿಸಿ ಒಣಗಲು ಬಿಡು. ಗಿರಾಕಿ ನೇರ ತುಟಿಗೇ ಒತ್ತಲು ಹೊರಟರೆ ನಗುನಗುತ್ತಲೇ ಕಡ್ಡಿ ಮುಂದೆ ಹಿಡಿ.

ಇನ್ನೊಂದು ಮಾತು. "ಬೆಳ್ಳಗಾಗೋಕೆ ಏನಿದೆ?" ಅಂತ ಕೇಳುವವರು ಬರುತ್ತಾರೆ. ಹೇಳದೇ ಕೊಟ್ಟು ಕಳಿಸುವುದು ಸುಲಭ. ಚರ್ಮದ ಹುಟ್ಟುಬಣ್ಣ ಬದಲಿಸುವ ಕ್ರೀಮ್ ನಮ್ಮಲ್ಲಿಲ್ಲ, ಬಿಸಿಲಿಗೆ ಕಪ್ಪಾಗದಂತೆ ನೋಡಿಕೊಳ್ಳಬಹುದು ಅಂತ ಹೇಳು. ಬೇಗ ಬೆಳ್ಳಗೆ ಮಾಡುತ್ತೇವೆ ಅನ್ನುವ ಕೆಲವು ಕ್ರೀಮ್‌ಗಳಲ್ಲಿ ಪಾದರಸ ಸಿಕ್ಕಿದ ಉದಾಹರಣೆಗಳಿವೆ, ಅದು ಕಿಡ್ನಿ ಕೆಡಿಸುತ್ತದೆ. ಗರ್ಭಿಣಿ ಅಂತ ಗೊತ್ತಾದರೆ ರೆಟಿನಾಲ್, ಅಂದರೆ ಸುಕ್ಕಿನ ಕ್ರೀಮ್‌ಗಳಿಗೆ ಹಾಕುವ ಒಂದು ಬಗೆಯ ವಿಟಮಿನ್ ಎ, ಇರುವುದನ್ನು ಕೊಡಬೇಡ. ಮುಖ ಉರಿದು ಕೆಂಪಾಗಿ ಬಂದವರಿಗೆ ಏನನ್ನೂ ಮಾರಬೇಡ, ಚರ್ಮದ ಡಾಕ್ಟರ್ ಹತ್ತಿರ ಕಳಿಸು. ಸನ್‌ಸ್ಕ್ರೀನ್ ಬಿಸಿಲನ್ನು ಎಷ್ಟು ತಡೆಯುತ್ತದೆ ಅಂತ ಹೇಳುವ ಎಸ್‌ಪಿಎಫ್ ಲೆಕ್ಕವನ್ನೂ ನೆನಪಿಡು: 30 ಇರುವುದು ಸುಡುವ ಕಿರಣಗಳಲ್ಲಿ ಸುಮಾರು 97% ತಡೆಯುತ್ತದೆ, 50 ಇರುವುದು 98%. ಅಷ್ಟು ಸಣ್ಣ ವ್ಯತ್ಯಾಸಕ್ಕೆ ದುಬಾರಿ ಟ್ಯೂಬನ್ನೇ ಹೊಗಳುವ ಬದಲು, ಧಾರಾಳವಾಗಿ ಹಚ್ಚಿ, ಬಿಸಿಲಲ್ಲಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ ಅಂತ ಹೇಳು. ಟ್ಯೂಬ್ ಬೇಗ ಮುಗಿಯುತ್ತೆ, ಅವರೂ ಬೇಗ ಬರುತ್ತಾರೆ. ಅದರಲ್ಲಿ ಮೋಸವೇನಿಲ್ಲ, ಅಲ್ವಾ?

ಟಾರ್ಗೆಟ್ ಕೆಲವು ತಿಂಗಳು ಮುಟ್ಟುವುದಿಲ್ಲ, ಬೈಸಿಕೊಳ್ಳುತ್ತೀಯ. ಚಪ್ಪಟೆ ಅಡಿಯ, ಮೆತ್ತನೆ ಶೂ ಹಾಕು. ಸ್ಟಾಫ್ ಡಿಸ್ಕೌಂಟ್ ಬಗ್ಗೆ ಮಾತ್ರ ಹುಷಾರು. ನನ್ನ ಮೊದಲ ಸಂಬಳದ ಅರ್ಧ ಅದೇ ಕೌಂಟರಿಗೆ ವಾಪಸ್ ಹೋಯಿತು, ಹನ್ನೊಂದು ಲಿಪ್‌ಸ್ಟಿಕ್ ತಂದಿದ್ದೆ, ಅದರಲ್ಲಿ ಹಚ್ಚಿದ್ದು ಎರಡೇ.

ನಿನ್ನ,
ಚಿಕ್ಕಮ್ಮ