ಸೀಟು ಹೆಚ್ಚಿಸುವ ಮುಂಚೆ ಮೇಷ್ಟ್ರನ್ನು ನೇಮಿಸಿ

ಮಾನ್ಯ ಸಂಪಾದಕರೇ,

ನಮ್ಮ ಭಾಗದ ವಿಶ್ವವಿದ್ಯಾಲಯವೊಂದು ಗ್ರಂಥಾಲಯ ವಿಜ್ಞಾನ ವಿಭಾಗದಲ್ಲಿ ಸೀಟು ಹೆಚ್ಚಿಸಲು ಹೊರಟಿದೆ ಎಂದು ಅಲ್ಲಿ ಓದುವ ಹುಡುಗರು ಹೇಳಿದರು. ಸಿಂಧನೂರು, ಮಾನ್ವಿ, ಕುಷ್ಟಗಿ ಕಡೆಯ ಮಕ್ಕಳು ಈ ಕೋರ್ಸಿಗಾಗಿ ಧಾರವಾಡಕ್ಕೋ ಕಲಬುರಗಿಗೋ ಹೋಗಿ ರೂಮು ಮಾಡುವುದು ತಪ್ಪಿದರೆ ಒಳ್ಳೆಯದೇ. ಆದರೆ ಪಾಠ ಮಾಡುವವರು ಯಾರು? ಅಲ್ಲಿ ಕಾಯಂ ಅಧ್ಯಾಪಕರು ಒಬ್ಬರೂ ಇಲ್ಲವಂತೆ. ಇಡೀ ವಿಭಾಗ ಅತಿಥಿ ಉಪನ್ಯಾಸಕರ ಮೇಲೆ ನಡೆದಿದೆ.

ಅತಿಥಿ ಉಪನ್ಯಾಸಕರನ್ನು ನಾನು ದೂರುತ್ತಿಲ್ಲ. ಅವರಿಗೆ ಪ್ರತಿ ವರ್ಷ ಹೊಸ ಅರ್ಜಿ, ಹೊಸ ಆದೇಶ. ಆ ಆದೇಶ ಕೈಗೆ ಬರುವ ಹೊತ್ತಿಗೆ ಸೆಮಿಸ್ಟರ್ ಅರ್ಧ ಓಡಿರುತ್ತದೆ. ಹೀಗಿದ್ದೂ ಅವರು ಪಾಠ ಮುಗಿಸುತ್ತಾರಲ್ಲ, ಅದೇ ದೊಡ್ಡದು.

ಈ ವಿಷಯ ನೋಟ್ಸ್ ಬರೆಸಿ ಕಲಿಸುವಂಥದ್ದಲ್ಲ. ತುಂಗಭದ್ರಾ ಕಾಲುವೆ ಬಗ್ಗೆ ಒಂದು ಪುಸ್ತಕ ಬಂತು ಅನ್ನಿ. ವಿಷಯಕ್ಕೆ ತಕ್ಕ ನಂಬರ್ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ವರ್ಗೀಕರಣದಲ್ಲಿ ಅದು 631ರ ಬೇಸಾಯಕ್ಕೆ ಹೋಗಬೇಕೋ, 627ರ ನೀರಾವರಿ ಎಂಜಿನಿಯರಿಂಗಿಗೋ, 954ರ ಇತಿಹಾಸಕ್ಕೋ? ವಿದ್ಯಾರ್ಥಿ ಒಂದು ನಂಬರ್ ಹಾಕುತ್ತಾನೆ. ಯಾಕೆ ಹಾಕಿದೆ ಅಂತ ಮೇಷ್ಟ್ರು ಪಕ್ಕದಲ್ಲಿ ಕೂತು ಕೇಳಬೇಕು. ಪುಸ್ತಕಗಳ ಸೂಚಿ (ಕ್ಯಾಟಲಾಗ್) ಮಾಡುವುದೂ ಹಾಗೆಯೇ, ಗ್ರಂಥಾಲಯ ನಡೆಸಲು ಬಳಸುವ ಕೋಹಾ ಸಾಫ್ಟ್‌ವೇರ್ ಕಲಿಯುವುದೂ ಹಾಗೆಯೇ. ಕ್ಲಾಸು ದೊಡ್ಡದಾಗಿ ಮೇಷ್ಟ್ರು ಕಡಿಮೆಯಾದರೆ ಮೊದಲು ಕೈಬಿಡುವುದೇ ಇದನ್ನು.

ಇನ್ನೊಂದು ತೊಡಕಿದೆ. ಅದು ಹೊರಗಿನವರಿಗೆ ಕಾಣುವುದಿಲ್ಲ. ಅತಿಥಿ ಉಪನ್ಯಾಸಕರು ಪಿಎಚ್‌.ಡಿ. ಮಾರ್ಗದರ್ಶಕರಾಗುವಂತಿಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2022ರ ನಿಯಮದ ಪ್ರಕಾರ ಕಾಯಂ ಪ್ರೊಫೆಸರ್ 8 ಮಂದಿಗೆ, ಸಹ ಪ್ರಾಧ್ಯಾಪಕರು 6 ಮಂದಿಗೆ, ಸಹಾಯಕ ಪ್ರಾಧ್ಯಾಪಕರು 4 ಮಂದಿಗೆ ಮಾರ್ಗದರ್ಶನ ಮಾಡಬಹುದು. ಕಾಯಂ ಜನರೇ ಇಲ್ಲ ಅಂದರೆ ಆ ಲೆಕ್ಕ ಸೊನ್ನೆ. ಇಲ್ಲಿ ಸಂಶೋಧನೆ ಮಾಡುವವರಿಲ್ಲ, ಆದ್ದರಿಂದ ನಾಳೆ ಇಲ್ಲಿ ಪಾಠ ಮಾಡುವವರೂ ಇಲ್ಲ. ಬಿತ್ತನೆ ಬೀಜವನ್ನೇ ಅನ್ನ ಮಾಡಿಕೊಂಡು ಉಂಡ ಹಾಗೆ ಆಗುತ್ತಿದೆ.

ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದಾಗ ಓದಿನಲ್ಲೂ ನೌಕರಿಯಲ್ಲೂ ನಮ್ಮವರಿಗೆ ಪಾಲು ಸಿಕ್ಕಿತು ಎಂದು ಖುಷಿಪಟ್ಟೆವು. ಭರ್ತಿಯನ್ನೇ ಮಾಡದ ಹುದ್ದೆಯಲ್ಲಿ ಮೀಸಲಾತಿ ಇದ್ದರೆಷ್ಟು, ಬಿಟ್ಟರೆಷ್ಟು? ಕಟ್ಟಡಕ್ಕಾದರೆ ಹೇಗೋ ದುಡ್ಡು ಹುಟ್ಟುತ್ತದೆ. ಸಂಬಳದ ಮಾತು ಬಂದಾಗಲೇ ಫೈಲು ನಿಲ್ಲುವುದು. ಆಗಸ್ಟ್ 12ರ ಗ್ರಂಥಪಾಲಕರ ದಿನಕ್ಕೆ, ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ರಂಗನಾಥನ್ ಅವರ ಫೋಟೋಗೆ ಹಾರ ಹಾಕುವುದು ಮಾತ್ರ ತಪ್ಪುವುದಿಲ್ಲ!

ಈ ವಿಭಾಗದ ಕೆಲಸ ಎಂ.ಲಿಬ್. ಡಿಗ್ರಿ ಕೊಟ್ಟು ಮುಗಿಯುವುದೂ ಇಲ್ಲ. ಹಳ್ಳಿಯ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಹೋದವು. ಈಗ ಅವು ಅರಿವು ಕೇಂದ್ರಗಳಾಗಿವೆ. ಹಲವು ಕಡೆ ಕಂಪ್ಯೂಟರ್, ಮಕ್ಕಳ ಪುಸ್ತಕ ಎಲ್ಲ ಬಂದಿವೆ. ಅಲ್ಲಿನ ಮೇಲ್ವಿಚಾರಕರಿಗೆ ತರಬೇತಿ ಕೊಡಲು ಹತ್ತಿರದ ವಿಶ್ವವಿದ್ಯಾಲಯಕ್ಕಿಂತ ಒಳ್ಳೆಯ ಜಾಗ ಯಾವುದು? ರಜೆಯಲ್ಲಿ ಎರಡು ವಾರದ ಕೋರ್ಸು ಸಾಕು. ಆದರೆ ರಜೆಯಲ್ಲಿ ಅತಿಥಿ ಉಪನ್ಯಾಸಕರಿಗೆ ಕೆಲಸವೇ ಇರುವುದಿಲ್ಲ, ಅಲ್ವಾ? ಅಲ್ಲಿಗೆ ಅದೂ ನಿಂತಿತು.

ಎಲ್ಲ ಹುದ್ದೆಯನ್ನೂ ಒಂದೇ ಸಲ ತುಂಬಿ ಎಂದು ಕೇಳಿದರೆ ಆಗದ ಮಾತು. ಮೊದಲು ಮಾರ್ಗದರ್ಶಕರಾಗಬಲ್ಲ ಒಬ್ಬರನ್ನು ಕಾಯಂ ಆಗಿ ತನ್ನಿ. ಅಲ್ಲಿಯವರೆಗೆ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲೇ ಕೆಲಸ ಮಾಡುವ ಅರ್ಹರಿಂದ ಪ್ರಾಯೋಗಿಕ ತರಗತಿ ಮಾಡಿಸಬಹುದು, ಅದಕ್ಕೆ ಗೌರವಧನ ಕೊಟ್ಟು. ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಮುಂದಿನ ಐದು ವರ್ಷದಲ್ಲಿ ಯಾವ ವರ್ಷ ಯಾವುದನ್ನು ತುಂಬುತ್ತಾರೆ ಎಂಬ ಪಟ್ಟಿಯನ್ನು ಪ್ರವೇಶದ ಪ್ರಕಟಣೆಯ ಜೊತೆಗೇ ಹಾಕಲಿ. ಫೀಸು ಕಟ್ಟುವ ತಂದೆತಾಯಿ ಅದನ್ನು ನೋಡಿ, ಮಗಳನ್ನು ಇಲ್ಲಿ ಸೇರಿಸಬೇಕೋ ಧಾರವಾಡದ ರೈಲು ಹತ್ತಿಸಬೇಕೋ ತೀರ್ಮಾನಿಸುತ್ತಾರೆ.

ನಿವೃತ್ತ ಕಾಲೇಜು ಗ್ರಂಥಪಾಲಕ,
ಸಿಂಧನೂರು, ರಾಯಚೂರು ಜಿಲ್ಲೆ